ಸ್ಲ್ಯಾಬಿನಷ್ಟೇ ಚಳಿ

ಕತ್ತಲಾಗುವ ಮುಂಚೆ ಹೊರಗಿರುವುದೆಲ್ಲ ಒಳಗೆ ಬರಬೇಕೆಂಬುದು ಅತ್ತೆಯ ನೇಮ. ಕೋಳಿ, ಒಣಹಾಕಿದ ಬಟ್ಟೆ, ಬಾಂಡ್ಲಿ, ಸಲಿಕೆ, ಯಾರೋ ಮರೆತುಹೋದ ಒಂದು ಕಾಲಿನ ಚಪ್ಪಲಿ, ಯಾವುದೂ ಅವಳ ಕಣ್ಣು ತಪ್ಪಿಸಿ ಹೊರಗೆ ಇರುಳು ಕಳೆಯುವಂತಿರಲಿಲ್ಲ. ಬೆಳಗಾದ ಕೂಡಲೆ ಅವೆಲ್ಲವನ್ನೂ ಎಲ್ಲಿದ್ದವೋ ಅಲ್ಲಿಗೇ ತಂದಿಡುತ್ತಿದ್ದಳು. ಚಪ್ಪಲಿಯ ಮೂತಿ ಯಾವ ಕಡೆಗಿತ್ತೋ ಆ ಕಡೆಗೇ. ಹೀಗಾಗಿ ಅವಳ ಈ ಕೆಲಸ ಎಷ್ಟೋ ಜನಕ್ಕೆ ಗೊತ್ತೇ ಇರಲಿಲ್ಲ.

ಅತ್ತೆ ಮೇಸ್ತ್ರಿಗೆ ಅಕ್ಕ. ಅವನು ಎಲ್ಲಿ ಕೆಲಸ ಹಿಡಿದರೂ ಆಳುಗಳ ಅಡುಗೆ ಅವಳದೇ. ಈ ಸಲ ಹಿಡಿದದ್ದು ಹಳ್ಳದ ಮೇಲಿನ ಸೇತುವೆ. ಹಳ್ಳದ ಈಚೆ ಮನೆಗಳು, ಆಚೆ ಗದ್ದೆಗಳು. ಹಳೆಯ ಮರದ ಸೇತುವೆ ಕೊಳೆತು, ಎತ್ತುಗಳು ಅದರ ಮೇಲೆ ಕಾಲಿಡಲು ಒಲ್ಲದೆ ಮೊಂಡು ಹಿಡಿದ ಮೇಲೆ, ಎರಡು ಅಂಕಣದ ಕಾಂಕ್ರೀಟು ಸೇತುವೆ ಮಂಜೂರಾಗಿತ್ತು. ನಡುವೆ ಒಂದು ಕಂಬ, ಅದರ ಎರಡು ಕಡೆಗೂ ಒಂದೊಂದು ಸ್ಲ್ಯಾಬು. ಚಳಿಗಾಲ ತಡವಾಗಿ ಬಂದು ಹೋಗಲೊಲ್ಲದೆ ಕೂತಿತ್ತು. ಬೆಳಗ್ಗೆ ಎದ್ದರೆ ಬಕೆಟ್ಟಿನ ನೀರಿನ ಮೇಲೆ ಗಾಜಿನಂಥ ಪದರ.

ಮೇಲಿನ ಕೆರೆಯ ತೂಬು ಮುಚ್ಚಿದ್ದರಿಂದ ಹಳ್ಳ ಈಗ ಒಣಗಿತ್ತು. ಆ ಒಣ ಮರಳಿನಲ್ಲೇ ಸೆಂಟ್ರಿಂಗಿನ ಕಂಬಗಳು ಒತ್ತೊತ್ತಾಗಿ ನಿಂತು ಹಸಿ ಸ್ಲ್ಯಾಬನ್ನು ಹೊತ್ತುಕೊಂಡಿದ್ದವು. ತೂಬು ಎತ್ತುವ ಹೊತ್ತಿಗೆ ಅವು ಅಲ್ಲಿರಬಾರದು. ಇದ್ದರೆ ನೀರು ಅವುಗಳ ಬುಡದ ಮರಳನ್ನು ತಿನ್ನುತ್ತದೆ, ಕಸಕಡ್ಡಿ ತಂದು ಒಡ್ಡುತ್ತದೆ. ತೂಬು ಎತ್ತದಿದ್ದರೆ ಆಚೆ ಗದ್ದೆಗಳ ಸಸಿಮಡಿ ಒಣಗುತ್ತದೆ. ಹಾಗಾಗಿ ಊರಿನವರೆಲ್ಲ ಬಂದು ಕೇಳುತ್ತಿದ್ದದ್ದು ಒಂದೇ ಮಾತು: “ಸೆಂಟ್ರಿಂಗ್ ಯಾವಾಗ ಬಿಚ್ತೀರಿ?”

ಬಿಚ್ಚುವಾಗ ಮೊದಲ ಕಂಬಕ್ಕೆ ಸುತ್ತಿಗೆ ಹಾಕುವವನು ಮೇಸ್ತ್ರಿಯೇ. ಯಾವ ಕೆಲಸದಲ್ಲೂ ಅವನು ಅದನ್ನು ಇನ್ನೊಬ್ಬರಿಗೆ ಬಿಟ್ಟವನಲ್ಲ. ಆಳುಗಳನ್ನು ದಡದ ಮೇಲೆ ನಿಲ್ಲಿಸಿ, ಒಬ್ಬನೇ ಸ್ಲ್ಯಾಬಿನ ಕೆಳಗೆ ಬಗ್ಗಿ ಹೋಗುತ್ತಿದ್ದ. “ಹೊಯ್ದೋನು ನಾನು. ಬಿದ್ರೆ ನನ್ನ ಮೇಲೆ ಬೀಳ್ಲಿ,” ಎನ್ನುತ್ತಿದ್ದ. ಇದುವರೆಗೆ ಬಿದ್ದಿರಲಿಲ್ಲ. ಆದರೆ ಈ ಸಲ ಬಿಚ್ಚಬಹುದೋ ಬಾರದೋ ಎಂದು ಹೇಳಬೇಕಾದವಳು ಅವನ ಮಗಳು.

ಮಗಳು ಪೇಟೆಯ ಪರೀಕ್ಷಾ ಕೇಂದ್ರದಲ್ಲಿ ಎಂಜಿನಿಯರು. ಸ್ಲ್ಯಾಬು ಹೊಯ್ಯುವಾಗ ಅದೇ ಕಾಂಕ್ರೀಟನ್ನು ಕಬ್ಬಿಣದ ಅಚ್ಚುಗಳಿಗೆ ತುಂಬಿ ಕ್ಯೂಬು ಮಾಡುವುದು, ಅವನ್ನು ಯಂತ್ರದ ಬಾಯಿಗೆ ಕೊಟ್ಟು ಒಡೆಯುವವರೆಗೆ ಒತ್ತಿಸುವುದು, ಎಷ್ಟು ಭಾರಕ್ಕೆ ಒಡೆಯಿತೆಂದು ನೋಡಿ ಸ್ಲ್ಯಾಬಿನ ಬಲ ಹೇಳುವುದು ಅವಳ ಕೆಲಸ. ಆಳುಗಳು ಅವಳಿಗೆ ಕ್ಯೂಬಮ್ಮ ಎಂದು ಹೆಸರಿಟ್ಟಿದ್ದರು. ಎದುರಿಗೇ ಕರೆಯುತ್ತಿದ್ದರು. ಅವಳೂ ಓಗೊಡುತ್ತಿದ್ದಳು.

ಮೊದಲ ಅಂಕಣ ಹೊಯ್ದ ದಿನ ಕ್ಯೂಬಮ್ಮ ಒಂದಷ್ಟು ಕ್ಯೂಬುಗಳನ್ನು ಪೇಟೆಗೆ ಒಯ್ದು ಕೇಂದ್ರದ ಬೆಚ್ಚನೆಯ ನೀರಿನ ತೊಟ್ಟಿಯಲ್ಲಿಟ್ಟಳು. ಇನ್ನೊಂದಷ್ಟನ್ನು ಇಲ್ಲೇ, ಸೇತುವೆಯ ಪಕ್ಕದ ಕಟ್ಟೆಯ ಮೇಲೆ ಸಾಲಾಗಿ ಇಡಿಸಿದಳು. ಆಳುಗಳನ್ನೆಲ್ಲ ಕರೆದು ಹೇಳಿದಳು: “ತೊಟ್ಟಿಯಲ್ಲಿರೋದು ಸಿಮೆಂಟು ಒಳ್ಳೇದಾ ಅಂತ ಹೇಳುತ್ತೆ ಅಷ್ಟೆ. ಈ ಚಳೀಲಿ ಸ್ಲ್ಯಾಬ್ ಎಷ್ಟು ಬಲಿತಿದೆ ಅಂತ ಹೇಳೋದು ಇವು. ಸ್ಲ್ಯಾಬಿಗೆ ಏನಾಗುತ್ತೋ ಅದೇ ಇವಕ್ಕೂ ಆಗ್ಬೇಕು. ಸ್ಲ್ಯಾಬಿನ ಹಾಗೇ ನೋಡ್ಕೋಬೇಕು, ಗೊತ್ತಾಯ್ತಾ?”

ಅಡುಗೆ ಶೆಡ್ಡಿನ ಬಾಗಿಲಲ್ಲಿ ನಿಂತು ಬೇಳೆ ಕೇರುತ್ತಿದ್ದ ಅತ್ತೆ ಅದನ್ನು ಕೇಳಿಸಿಕೊಂಡಳು.

ಮೊದಲ ಅಂಕಣದ ಕ್ಯೂಬುಗಳನ್ನು ಒಡೆದ ದಿನ ಕ್ಯೂಬಮ್ಮ ಪೇಟೆಯಿಂದ ಜೀಪಿನಲ್ಲಿ ಬಂದಿಳಿದಾಗ ಮೇಸ್ತ್ರಿ ಅವಳ ಮುಖ ನೋಡಲಿಲ್ಲ, ಕೈ ನೋಡಿದ. ಕೈಯಲ್ಲಿ ಗೋಣಿಚೀಲವಿತ್ತು.

“ಎಷ್ಟು ಬಂತೇ?”

“ಬೇಕಾದ್ದಕ್ಕಿಂತ ಜಾಸ್ತಿ ಬಂತಪ್ಪ. ಯಂತ್ರದ ಮುಳ್ಳು ಕೆಂಪುಗೆರೆ ದಾಟಿ ಎಲ್ಲಿಗೋ ಹೋಯ್ತು.”

“ಹಾಗಾದ್ರೆ ನಾಳೆನೇ ಬಿಚ್ಚೋಣ! ನಾನು ಹೇಳ್ಲಿಲ್ವಾ? ನನ್ನ ಕೈ ಕಾಂಕ್ರೀಟು ಅದು.”

“ಬೇಡ,” ಎಂದಳು ಮಗಳು.

ಮೇಸ್ತ್ರಿ ತಲೆಗೆ ಸುತ್ತಿದ್ದ ಟವೆಲು ಬಿಚ್ಚಿ ಮತ್ತೆ ಸುತ್ತಿಕೊಂಡ. ಸಿಟ್ಟು ಬಂದಾಗ ಅವನು ಮಾಡುತ್ತಿದ್ದದ್ದು ಅದೇ. “ಕಡಿಮೆ ಬಂದ್ರೂ ಬೇಡ, ಜಾಸ್ತಿ ಬಂದ್ರೂ ಬೇಡ. ನಿನ್ನ ಓದಿಗೆ ಏನು ಬಂದ್ರೆ ಸಮಾಧಾನ ತಾಯಿ?”

“ತೊಟ್ಟಿಯಲ್ಲಿ ಬೆಚ್ಚಗೆ ಕೂತವಕ್ಕಿಂತ ಈ ಚಳೀಲಿ ನಿಂತವು ಬೇಗ ಬಲಿತಿವೆ. ಹಾಗಾಗೋಕೆ ಸಾಧ್ಯವೇ ಇಲ್ಲಪ್ಪ. ಬೆಂಕಿ ಹತ್ರ ಹೋಗದೆ ಇಷ್ಟು ಬಲಿಯಲ್ಲ.” ಅವಳು ಚೀಲದಿಂದ ಇನ್ನೂ ಒಡೆಯದ ಒಂದು ಕ್ಯೂಬು ತೆಗೆದು ಅವನ ಮುಂದೆ ಹಿಡಿದಳು. ಅದರ ನೆತ್ತಿಯ ಮೇಲೆ ದುಂಡಗೆ ಒಂದು ಕಪ್ಪು ಬಳೆ. “ಇದೇನು?”

ಮೇಸ್ತ್ರಿ ಅದನ್ನು ಬೆರಳಿಂದ ಉಜ್ಜಿದ. ಬೆರಳು ಮಸಿಯಾಯಿತು. ಅವನು ಮೂಸಿ ನೋಡಿದ. ನಿಧಾನವಾಗಿ ಅವನ ಮೀಸೆಯ ಅಂಚು ಮೇಲೆ ಹೋಯಿತು. “ಇದು ಹಾಲಿನ ಪಾತ್ರೆ ತಳ ಕಣೇ,” ಎಂದ. “ಅಕ್ಕಾ! ಏ ಅಕ್ಕಾ!”

ಅತ್ತೆ ಸೆರಗಿಗೆ ಕೈ ಒರೆಸುತ್ತ ಬಂದಳು.

“ಅತ್ತೆ, ಇದನ್ನ ಒಲೆ ಹತ್ರ ಇಟ್ಟಿದ್ಯಾ?”

“ಇಟ್ಟಿದ್ದೆ.” ಅತ್ತೆ ಮುಚ್ಚಿಡುವ ಜಾತಿಯವಳಲ್ಲ. “ದಿನಾ ಸಂಜೆ ತಂದು ಒಲೆ ಸುತ್ತ ಇಡ್ತಿದ್ದೆ. ಬೆಳಗ್ಗೆ ಮತ್ತೆ ಅಲ್ಲೇ ಜೋಡಿಸ್ತಿದ್ದೆ. ಒಂದೂ ಹೆಚ್ಚುಕಮ್ಮಿ ಮಾಡಿಲ್ಲ ನೋಡು. ಎರಡರ ಮೇಲೆ ಮಾತ್ರ ಹಾಲಿನ ಪಾತ್ರೆ ಇಡ್ತಿದ್ದೆ, ಹದವಾಗಿ ಕೂತ್ಕೊಳ್ತಿತ್ತು.”

“ಯಾಕತ್ತೆ? ಅವು ಚಳೀಲೇ ಇರ್ಬೇಕು ಅಂತ ಹೇಳಿದ್ನಲ್ಲ!”

“ಹಾಗೆಲ್ಲಿ ಹೇಳ್ದೆ? ಸ್ಲ್ಯಾಬಿನ ಹಾಗೇ ನೋಡ್ಕೋಬೇಕು ಅಂದೆ.” ಅತ್ತೆ ಸೇತುವೆಯ ಕಡೆ ಕೈ ತೋರಿಸಿದಳು. “ಅದಕ್ಕೆ ಮೊಳ ದಪ್ಪ ಹುಲ್ಲು, ಅದರ ಮೇಲೆ ಗೋಣಿ, ಅದರ ಮೇಲೆ ಟಾರ್ಪಾಲು. ನನಗೂ ಇಲ್ಲ ಅಂಥ ಹಾಸಿಗೆ. ಈ ಪಾಪದವು ಮಾತ್ರ ಬರೀ ಮೈಲಿ ಕಟ್ಟೆ ಮೇಲೆ. ಒಂದೇ ಹೊಟ್ಟೇಲಿ ಹುಟ್ಟಿದವಕ್ಕೆ ಹೀಗೆ ಭೇದ ಮಾಡ್ತಾರೇನೇ?”

ಮೇಸ್ತ್ರಿ ಗಹಗಹಿಸಿ ನಕ್ಕ. ಆಳುಗಳೂ ನಕ್ಕರು. ಕ್ಯೂಬಮ್ಮ ಮಾತ್ರ ನಗದೆ ಸ್ಲ್ಯಾಬನ್ನೂ ಕಟ್ಟೆಯನ್ನೂ ಒಂದಾದ ಮೇಲೊಂದರಂತೆ ನೋಡುತ್ತ ನಿಂತಳು. ಆಮೇಲೆ ಹೋಗಿ ಹುಲ್ಲಿನ ಅಡಿಗೆ ಕೈ ತೂರಿಸಿದಳು. ಎಮ್ಮೆಯ ಹೊಟ್ಟೆ ಮುಟ್ಟಿದ ಹಾಗೆ ಉಗುರುಬೆಚ್ಚಗಿತ್ತು. ಅದೇ ಕೈಯನ್ನು ಕಟ್ಟೆಯ ಮೇಲಿಟ್ಟಳು. ಕೊರೆಯುತ್ತಿತ್ತು.

“ಅತ್ತೆ ಹೇಳೋದ್ರಲ್ಲಿ ಅರ್ಧ ನಿಜ,” ಎಂದಳು ಬಂದು. “ಅವಳು ತಂದಿಡದೇ ಇದ್ದಿದ್ರೆ ಇವು ಚಳಿಗೆ ಸೆಟೆದು, ಸ್ಲ್ಯಾಬಿಗಿಂತ ಕಡಿಮೆ ತೋರಿಸ್ತಿದ್ವು. ಒಲೆ ಹತ್ರ ಇಟ್ಟಿದ್ದಕ್ಕೆ ಜಾಸ್ತಿ ತೋರಿಸಿದ್ವು. ಎರಡೂ ಸುಳ್ಳೇ. ಕಟ್ಟೆ ಮೇಲೆ ಬರೀ ಮೈಲಿ ಇಡಿಸಿದ್ದು ನನ್ನ ತಪ್ಪು, ಒಲೆ ಹತ್ರ ಇಟ್ಟಿದ್ದು ನಿನ್ನ ತಪ್ಪು ಅತ್ತೆ.”

“ಸಮಪಾಲು ಆಯ್ತಲ್ಲ,” ಎಂದಳು ಅತ್ತೆ. “ಹಾಲು ಉಕ್ಕುತ್ತೆ, ಬರ್ತೀನಿ.”

“ನಾಳೆ ಬಿಚ್ಚೋದು?” ಎಂದ ಮೇಸ್ತ್ರಿ. ಅವನ ನಗೆ ಇಳಿದಿತ್ತು.

“ಅದರ ಕೆಳಗೆ ಹೋಗೋನು ನೀನು. ಒಲೆ ಕಾಯಿಸಿದ ಮಾತು ನಂಬಿ ನಿನ್ನ ಕಳಿಸಲ್ಲ. ಎರಡನೇ ಅಂಕಣ ಹೊಯ್ಯೋದು ಇದೆಯಲ್ಲ, ಅದಕ್ಕೆ ಸರಿಯಾಗಿ ಮಾಡ್ತೀನಿ. ಅದೇ ಕಾಂಕ್ರೀಟು, ಅದೇ ಹೊದಿಕೆ. ಕಿರಿಯದು ಭಾರ ಹೊರೋಷ್ಟು ಬಲಿತ್ರೆ ಹಿರಿಯದು ಬಲಿತೇ ಇರುತ್ತೆ. ಎರಡನ್ನೂ ಒಟ್ಟಿಗೇ ಬಿಚ್ಚೋಣ.”

ಮೇಸ್ತ್ರಿ ಟವೆಲು ಬಿಚ್ಚಿದ, ಸುತ್ತಿಕೊಂಡ.

ಎರಡನೇ ಅಂಕಣ ಹೊಯ್ಯುವ ಮುಂಚೆ ಕ್ಯೂಬಮ್ಮ ಕೇಂದ್ರಕ್ಕೆ ಹೇಳಿ ಸೈಟಿನಲ್ಲೇ ಬಂದು ಉಳಿದಳು. ಕಂಬಿ ಕಟ್ಟುವಾಗಲೇ ಒಂದು ಸಣ್ಣ ತಾಮ್ರದ ಕೊಳವೆಯನ್ನು, ತುದಿ ಮುಚ್ಚಿ, ಸ್ಲ್ಯಾಬಿನ ನಡುಭಾಗಕ್ಕೆ ಇಳಿಯುವ ಹಾಗೆ ನಿಲ್ಲಿಸಿದಳು. ಅದರೊಳಗೆ ಎಣ್ಣೆ, ಎಣ್ಣೆಯೊಳಗೆ ಥರ್ಮಾಮೀಟರು. ಸ್ಲ್ಯಾಬಿನ ಮೈಯೊಳಗೆ ಎಷ್ಟು ಬಿಸಿ ಎಂದು ಎಳೆದು ನೋಡಿದರೆ ತಿಳಿಯುತ್ತಿತ್ತು. ದಡದ ಮೇಲೆ ದೊಡ್ಡ ಕಬ್ಬಿಣದ ತೊಟ್ಟಿ ಇಡಿಸಿ, ಅದರ ಸುತ್ತಲೂ ಹುಲ್ಲು ಕಟ್ಟಿಸಿ, ನೀರು ತುಂಬಿಸಿದಳು. ಹೊಯ್ದ ದಿನ, ಕಾಂಕ್ರೀಟು ತುಂಬಿದ ಅಚ್ಚುಗಳನ್ನು ಪ್ಲಾಸ್ಟಿಕ್ಕಿನಲ್ಲಿ ಬಿಗಿಯಾಗಿ ಸುತ್ತಿ ಆ ನೀರಿಗಿಳಿಸಿದಳು. ತೊಟ್ಟಿಗೂ ಒಂದು ಥರ್ಮಾಮೀಟರು.

“ಈ ಎರಡೂ ಒಂದೇ ತೋರಿಸ್ಬೇಕು,” ಎಂದು ಅತ್ತೆಯನ್ನು ಕರೆದು ಹೇಳಿದಳು. “ಸ್ಲ್ಯಾಬ್ ಏರಿದ್ರೆ ತೊಟ್ಟಿಗೆ ಬಿಸಿನೀರು, ಇಳಿದ್ರೆ ತಣ್ಣೀರು. ಸ್ಲ್ಯಾಬಿಗೆ ಎಷ್ಟು ಚಳಿಯೋ ಇವಕ್ಕೂ ಅಷ್ಟೇ ಚಳಿ, ಅದಕ್ಕೆ ಎಷ್ಟು ಬಿಸಿಯೋ ಇವಕ್ಕೂ ಅಷ್ಟೇ. ಬಿಸಿನೀರು ಕಾಯಿಸೋ ಜವಾಬ್ದಾರಿ ನಿಂದು.”

“ನನ್ನ ನಂಬ್ತೀಯಾ ಇನ್ನೂ?”

“ಹೊರಗಿದ್ದದ್ದು ಒಂದನ್ನೂ ನೀನು ಮರೆಯಲ್ಲ. ನಿನ್ನ ಬಿಟ್ಟು ಇನ್ಯಾರನ್ನ ನಂಬ್ಲಿ?”

ಅತ್ತೆ ಹೋಗಿ ದೊಡ್ಡ ಹಂಡೆ ತೊಳೆದಳು.

ಅಂದಿನಿಂದ ಅತ್ತೆಯ ಓಡಾಟಕ್ಕೆ ಹೊಸ ದಾರಿ ಹುಟ್ಟಿತು: ಒಲೆಯಿಂದ ಸ್ಲ್ಯಾಬಿಗೆ, ಸ್ಲ್ಯಾಬಿನಿಂದ ತೊಟ್ಟಿಗೆ, ತೊಟ್ಟಿಯಿಂದ ಒಲೆಗೆ. ಥರ್ಮಾಮೀಟರಿನ ಗೆರೆಗಳನ್ನು ಅವಳು ಎರಡೇ ದಿನಕ್ಕೆ ಕಲಿತಳು. ಸ್ಲ್ಯಾಬು ಮೊದಲು ತನ್ನಷ್ಟಕ್ಕೆ ತಾನೇ ಬಿಸಿಯೇರಿತು. ಅತ್ತೆ ಬಿಂದಿಗೆ ಬಿಂದಿಗೆ ಬಿಸಿನೀರು ಹೊಯ್ದು, ಕೋಲಿನಿಂದ ಕಲಕಿ, ಎರಡೂ ಗೆರೆ ಸಮ ಆಗುವವರೆಗೆ ಬಗ್ಗಿಯೇ ನಿಂತಿರುತ್ತಿದ್ದಳು. ಆಮೇಲೆ ಸ್ಲ್ಯಾಬು ದಿನದಿನಕ್ಕೆ ತಣ್ಣಗಾಗುತ್ತ ಬಂತು. ತೊಟ್ಟಿಯನ್ನೂ ಹಾಗೇ ಇಳಿಸಿದಳು. ಮಧ್ಯಾಹ್ನ ಬಿಸಿಲಿಗೆ ಸ್ಲ್ಯಾಬು ಸ್ವಲ್ಪ ಚೇತರಿಸಿಕೊಂಡರೆ ಮನೆಗೆ ನೆಂಟರು ಬಂದಂತೆ ಖುಷಿಪಟ್ಟು ಹಂಡೆಗೆ ಸೌದೆ ಒಟ್ಟುತ್ತಿದ್ದಳು.

“ಮಗು ಹೆತ್ತವರಿಗೂ ಇಷ್ಟು ನೀರು ಕಾಯಿಸಿರ್ಲಿಲ್ಲ ಅಕ್ಕ ನೀನು,” ಎಂದು ಮೇಸ್ತ್ರಿ ರೇಗಿಸಿದ.

“ನಿನಗೆ ಕಾಯಿಸಿದ್ದೆ ಕಣೋ. ಕಾಲ ಮೇಲೆ ಹಾಕ್ಕೊಂಡ್ರೆ ನೀನು ಒದೀತಿದ್ದೆ. ಇವು ಎಷ್ಟೋ ವಾಸಿ, ಸುಮ್ಮನೆ ಕೂತಿರ್ತವೆ.”

ಮೊದಲ ಕಂತಿನ ಕ್ಯೂಬುಗಳನ್ನು ಕ್ಯೂಬಮ್ಮ ಪೇಟೆಗೊಯ್ದು ಒಡೆದು ಬಂದಳು. ಮುಳ್ಳು ಕೆಂಪುಗೆರೆಯ ಹತ್ತಿರಕ್ಕೂ ಬಂದಿರಲಿಲ್ಲ. ಅವಳು ಜೀಪಿನಿಂದ ಇಳಿಯುವ ಹೊತ್ತಿಗೆ ನೀರುಗಂಟಿ ಬಂದು ಕಟ್ಟೆಯ ಮೇಲೆ ಕೂತಿದ್ದ. ಕೆರೆಯ ತೂಬಿನ ಬೀಗದಕೈ ಇದ್ದದ್ದು ಅವನ ಸೊಂಟದಲ್ಲಿ. ಗದ್ದೆಗಳಿಗೆಲ್ಲ ನೀರು ಹಂಚುವವನು ಅವನು.

“ಸಸಿ ತುದಿ ಹಳದಿಗೆ ತಿರುಗ್ತಿದೆ ತಾಯಿ,” ಎಂದ. “ಅಮಾವಾಸ್ಯೆ ತನಕ ಹೇಗೋ ತಡೀತೀನಿ. ಅದಾದ ಮೇಲೆ ಜನ ನನ್ನ ಸೊಂಟದಿಂದ ಬೀಗದಕೈ ಕಿತ್ಕೊಳ್ತಾರೆ. ಏನು ಹೇಳಿದ್ವು ನಿಮ್ಮ ಕಲ್ಲುಗಳು?”

“ಇನ್ನೂ ಎಳಸು ಅಂದ್ವು. ಈ ಚಳಿ ಹೀಗೇ ಇದ್ರೆ ಅಮಾವಾಸ್ಯೆಗೆ ಬಲಿಯಲ್ಲ.”

ಮೇಸ್ತ್ರಿ ಕೆಳಗಿಳಿದು ಹೋಗಿ, ಸುತ್ತಿಗೆಯ ಹಿಡಿಯಿಂದ ಸ್ಲ್ಯಾಬಿನ ಅಂಚಿಗೆ ಬಡಿದು ಕಿವಿಗೊಟ್ಟ. ಮೇಲೆ ಬಂದು, “ಗಟ್ಟಿ ಸದ್ದೇ ಬರುತ್ತೆ,” ಎಂದ. “ಇದಕ್ಕಿಂತ ಎಳಸಿದ್ದಾಗಲೂ ಬಿಚ್ಚಿದೀನಿ ನಾನು.”

“ಬಿಚ್ಚಿದೀಯಪ್ಪ. ಬೇಸಿಗೇಲಿ, ಮನೆ ಕೋಣೆ ಸ್ಲ್ಯಾಬು. ಇದು ಗಾಡಿ ಹೋಗೋ ಸ್ಲ್ಯಾಬು, ಇದರ ಸ್ವಂತ ಭಾರವೇ ಎಷ್ಟಿದೆ ಅಂತ ನಿನಗಿಂತ ಚೆನ್ನಾಗಿ ಯಾರಿಗೆ ಗೊತ್ತು?”

ಆ ಭಾರವನ್ನೆಲ್ಲ ಬಾಂಡ್ಲಿ ಲೆಕ್ಕದಲ್ಲಿ ಎತ್ತಿ ಹಾಕಿಸಿದವನು ಅವನೇ.

ಅತ್ತೆ ಕ್ಯೂಬಮ್ಮನ ಪಕ್ಕಕ್ಕೆ ಸರಿದು, ಯಾರಿಗೂ ಕೇಳಿಸದಂತೆ, ಆದರೆ ಎಲ್ಲರಿಗೂ ಕೇಳಿಸುವಂತೆ, “ತೊಟ್ಟಿಗೆ ಇನ್ನೆರಡು ಬಿಂದಿಗೆ ಬಿಸಿನೀರು ಜಾಸ್ತಿ ಹೊಯ್ಲಾ? ಬೇಗ ಬಲಿಯುತ್ತೆ,” ಎಂದಳು.

“ತೊಟ್ಟಿಗೆ ಹೊಯ್ದ್ರೆ ಕ್ಯೂಬು ಬಲಿಯುತ್ತೆ ಅತ್ತೆ, ಸ್ಲ್ಯಾಬು ಬಲಿಯಲ್ಲ. ಮತ್ತೆ ಹಾಲಿನ ಪಾತ್ರೆ ಕಥೆನೇ.” ಹಾಗೆಂದವಳು ಅಲ್ಲೇ ನಿಂತಳು. ಒಣ ಹಳ್ಳದಲ್ಲಿ ಗಾಳಿ ಕಂಬಗಳ ನಡುವೆ ನುಗ್ಗಿ ಸ್ಲ್ಯಾಬಿನ ಅಡಿಯಿಂದ ಹಾಯುತ್ತಿತ್ತು. ಮೇಲೆ ಹುಲ್ಲು ಹೊದಿಸಿದ್ದರು. ಹೊಟ್ಟೆ ಮಾತ್ರ ಬಯಲಿಗೆ ಬಿಟ್ಟಿದ್ದರು. ಅವಳು ನೀರುಗಂಟಿಯ ಕಡೆ ತಿರುಗಿದಳು. “ಹೊತ್ತಿಗೆ ಸರಿಯಾಗಿ ತೂಬು ಎತ್ತಬೇಕಾ? ಹುಲ್ಲು ಕೊಡಿ. ಮನೆಮನೆಯಿಂದ, ಬಣವೆ ಬಣವೆಯಿಂದ. ಟಾರ್ಪಾಲು ಇದ್ದೋರು ಟಾರ್ಪಾಲು ಕೊಡಿ. ಸ್ಲ್ಯಾಬಿನ ಮೇಲೆ ಈಗಿರೋದ್ರ ಎರಡರಷ್ಟು ಹೊದಿಸೋಣ. ಎರಡೂ ಪಕ್ಕ ಅಂಚಿಂದ ನೆಲದ ತನಕ ಇಳಿಬಿಟ್ಟು ಗಾಳಿ ಕಟ್ಟೋಣ, ಒಳಗೆ ಕೆಂಡದ ಬಾನಿ ಇಡೋಣ. ಅದು ಬೆಚ್ಚಗಾಗ್ಲಿ. ತೊಟ್ಟಿ ಅದರ ಹಿಂದೆ ಹೋಗುತ್ತೆ.”

“ಹುಲ್ಲು ದನಕ್ಕೆ,” ಎಂದ ನೀರುಗಂಟಿ.

“ತಿನ್ನಲ್ಲ ಸೇತುವೆ. ಹಾಗೇ ವಾಪಸ್ ಕೊಡುತ್ತೆ.”

ನೀರುಗಂಟಿ ಬೀಗದಕೈಯನ್ನು ಒಮ್ಮೆ ತಿರುಗಿಸಿ ನೋಡಿಕೊಂಡು ಎದ್ದು ಹೋದ. ಮಧ್ಯಾಹ್ನದ ಹೊತ್ತಿಗೆ ಮೊದಲ ಗಾಡಿ ಬಂತು. ಆಮೇಲೆ ತಲೆಹೊರೆಗಳು ಬಂದವು. ಯಾರೋ ಮದುವೆಗೆಂದು ತಂದಿಟ್ಟಿದ್ದ ಹೊಸ ಶಾಮಿಯಾನದ ಬಟ್ಟೆ ಬಂತು, ಕೆಂಪು ಅಂಚಿನದು. ಮೇಸ್ತ್ರಿ ಎರಡು ಅಂಕಣಗಳಿಗೂ ಪಕ್ಕದಿಂದ ಟಾರ್ಪಾಲು ಕಟ್ಟಿಸಿದ, ಒಂದು ಬೆರಳು ತೂರುವಷ್ಟೂ ಸಂದು ಬಿಡದಂತೆ. ಕೆಂಡದ ಬಾನಿಗಳನ್ನು ಸೆಂಟ್ರಿಂಗಿನ ಮರಕ್ಕೆ ತಾಗದಂತೆ ದೂರದೂರಕ್ಕೆ ಇಡಿಸಿ, ಪಕ್ಕದಲ್ಲಿ ನೀರಿನ ಬಕೆಟ್ಟಿಟ್ಟು, ಸರದಿಯ ಮೇಲೆ ಆಳು ಕೂರಿಸಿದ. ಮನಸ್ಸಿಲ್ಲದ ಕೆಲಸವನ್ನೂ ಅವನು ಅಚ್ಚುಕಟ್ಟಾಗಿಯೇ ಮಾಡುವವನು.

ಮಾರನೆಯ ಬೆಳಗ್ಗೆ ಕೊಳವೆಯಿಂದ ಥರ್ಮಾಮೀಟರು ಎಳೆದ ಅತ್ತೆ, ಅದನ್ನು ಹಿಡಿದುಕೊಂಡೇ ಕೂಗಿದಳು: “ಏರಿದೆ! ಏ ಹುಡುಗಿ, ಏರಿದೆ ಕಣೇ!” ಹಂಡೆ ಆಗಲೇ ಕುದಿಯುತ್ತಿತ್ತು. ಸ್ಲ್ಯಾಬು ಏರಿದಷ್ಟೇ ತೊಟ್ಟಿಯನ್ನು ಏರಿಸಿದಳು. ಒಂದು ತಂಬಿಗೆ ಹೆಚ್ಚಾಯಿತೆನಿಸಿ, ತಣ್ಣೀರು ಬೆರೆಸಿ ಮತ್ತೆ ಸಮ ಮಾಡಿದಳು.

“ಅರ್ಧ ಗೆರೆ ತಾನೆ ಅಕ್ಕ, ಬಿಡು,” ಎಂದ ಒಬ್ಬ ಆಳು.

“ಅರ್ಧ ಗೆರೆ ನಿನಗೆ,” ಎಂದಳು ಅತ್ತೆ. “ಅದರ ಕೆಳಗೆ ಹೋಗೋನು ನನ್ನ ತಮ್ಮ.”

ಅಮಾವಾಸ್ಯೆಯ ಹಿಂದಿನ ದಿನ ಕ್ಯೂಬಮ್ಮ ಉಳಿದ ಕ್ಯೂಬುಗಳನ್ನು ಒದ್ದೆ ಗೋಣಿಯಲ್ಲಿ ಸುತ್ತಿ ಪೇಟೆಗೆ ಒಯ್ದಳು. ಈ ಸಲ ಮೇಸ್ತ್ರಿಯೂ ಜೀಪು ಹತ್ತಿದ. ಕೇಂದ್ರದ ಒಳಗೆ ಅವನು ಬಂದದ್ದು ಅದೇ ಮೊದಲು. ಚಪ್ಪಲಿ ಬಾಗಿಲಲ್ಲಿ ಬಿಟ್ಟು, ಯಂತ್ರದ ಎದುರು ಕೈ ಕಟ್ಟಿ ನಿಂತ. ಮಗಳು ಕ್ಯೂಬಿನ ಮೈ ಒರೆಸಿ, ತಟ್ಟೆಗಳ ನಡುವೆ ಸರಿಯಾಗಿ ಕೂರಿಸಿ, ಭಾರ ಬಿಟ್ಟಳು. ಮುಳ್ಳು ಅವಸರವಿಲ್ಲದೆ ಏರತೊಡಗಿತು. ಕೆಂಪುಗೆರೆಯ ಹತ್ತಿರ ಬಂದಾಗ ಮೇಸ್ತ್ರಿ ಕಟ್ಟಿದ ಕೈ ಬಿಟ್ಟು ಒಂದು ಹೆಜ್ಜೆ ಮುಂದೆ ಬಂದ. ಮುಳ್ಳು ಗೆರೆ ದಾಟಿತು, ಇನ್ನೊಂದಿಷ್ಟು ಹೋಯಿತು, ಕ್ಯೂಬು ಮೆಲ್ಲಗೆ ಪಟಪಟಿಸಿ ನಾಲ್ಕೂ ಪಕ್ಕ ಉದುರಿಸಿ ನಿಂತುಬಿಟ್ಟಿತು. ಉಳಿದವೂ ಹೆಚ್ಚುಕಮ್ಮಿ ಅದೇ ಭಾರಕ್ಕೆ ಒಡೆದವು.

“ಇಷ್ಟೇನಾ?” ಎಂದ ಮೇಸ್ತ್ರಿ. “ಆವತ್ತು ಎಲ್ಲಿಗೋ ಹೋಗಿತ್ತು ಅಂದೆ.”

“ಆವತ್ತಿನದು ಅತ್ತೆ ಒಲೆಯ ಬಲ. ಇದು ನಿನ್ನ ಸ್ಲ್ಯಾಬಿನದು. ಬೇಕಾದಷ್ಟಿದೆ, ಅದರ ಮೇಲೆ ಸ್ವಲ್ಪ ಇದೆ. ನಾಳೆ ಬಿಚ್ಚು.”

“ಬಿಚ್ಚಬಹುದು ಅಂತೀಯೋ, ಬಿಚ್ಚು ಅಂತೀಯೋ?”

“ಬಿಚ್ಚು ಅಂತೀನಿ.”

ಅವನು ಒಡೆದ ಕ್ಯೂಬನ್ನು ಕೈಗೆತ್ತಿಕೊಂಡು ತೂಗಿ ನೋಡಿದ. ಎರಡು ಗೋಪುರಗಳು ತಲೆಗೆ ತಲೆ ಕೊಟ್ಟು ನಿಂತಂತೆ ನಡು ಸಣ್ಣಗಾಗಿತ್ತು. “ಚೆನ್ನಾಗಿ ಒಡೆದಿದೆ,” ಎಂದ, ಮೆಚ್ಚಿದವನ ಹಾಗೆ.

ಬೆಳಗ್ಗೆ ಹುಲ್ಲು ಸರಿಸಿದರು, ಟಾರ್ಪಾಲು ಬಿಚ್ಚಿದರು. ದಡದ ಮೇಲೆ ಊರೇ ನಿಂತಿತ್ತು. ಕ್ಯೂಬಮ್ಮ ಕೆಳಗಿಳಿದು, ಒಂದೊಂದು ಅಂಕಣದ ನಡುವೆಯೂ ಒಂದೊಂದು ತೆಳ್ಳನೆಯ ಬಿದಿರುಕಡ್ಡಿ ನಿಲ್ಲಿಸಿದಳು. ಬುಡ ಕಲ್ಲಿನ ಮೇಲೆ, ತುದಿ ಸ್ಲ್ಯಾಬಿನ ಹೊಟ್ಟೆಗೆ ತಾಗಿಯೂ ತಾಗದಂತೆ, ನಡುವೆ ಒಂದು ಉಗುರಿನ ಸಂದು. ಸ್ಲ್ಯಾಬು ಬಾಗಿದರೆ ಕಡ್ಡಿಯನ್ನು ಹಿಡಿದುಕೊಳ್ಳುತ್ತದೆ.

“ಮೇಲೆ ಹೋಗು ಇನ್ನು,” ಎಂದ ಮೇಸ್ತ್ರಿ.

“ಕಡ್ಡಿ ನೋಡೋರು ಯಾರು?”

“ಮೇಲಿಂದ ನೋಡು.”

“ಮೇಲಿಂದ ಉಗುರು ಕಾಣಲ್ಲಪ್ಪ. ನೀನು ಸುತ್ತಿಗೆ ನೋಡ್ಕೋ.”

ಟವೆಲಿಗೆ ಹೋದ ಅವನ ಕೈ ಅರ್ಧಕ್ಕೇ ನಿಂತು ಕೆಳಗಿಳಿಯಿತು. ಕಿರಿಯ ಅಂಕಣದ ನಡುವಿನ ಸೆಂಟ್ರಿಂಗ್ ಕಂಬದ ಬೆಣೆಗೆ ಸುತ್ತಿಗೆ ಹಾಕಿದ. ಒಂದು ಏಟು, ಇನ್ನೊಂದು. ಬೆಣೆ ಜಾರಿತು, ಕಂಬ ಸಡಿಲವಾಗಿ ಅವನ ಭುಜಕ್ಕೆ ಒರಗಿತು. ಅವನು ಅದನ್ನು ಮಲಗಿಸಿ ಮಗಳ ಕಡೆ ನೋಡಿದ. ಅವಳು ಮಂಡಿಯೂರಿ ಕೂತು, ಕಡ್ಡಿಯ ತುದಿ ನೋಡುತ್ತ, ಮುಂದೆ ಹೋಗು ಎಂದು ಕೈ ಮಾಡಿದಳು. ನಡುವಿನಿಂದ ಅಂಚಿಗೆ, ಒಂದಾದ ಮೇಲೊಂದು ಕಂಬ ಬಂತು. ಕೊನೆಯದು ಬಂದಾಗ ತಲೆಯ ಮೇಲೆ ಇದ್ದದ್ದು ಬರೀ ಸ್ಲ್ಯಾಬು, ಕೆಳಗೆ ಅಪ್ಪ, ಮಗಳು, ಒಂದು ಕಡ್ಡಿ. ಅವಳು ಎರಡು ಬೆರಳಿನಿಂದ ಕಡ್ಡಿಯನ್ನು ಎತ್ತಿದಳು. ಎಲ್ಲೂ ತಡೆಯದೆ ಕೈಗೆ ಬಂತು. ಹಿರಿಯ ಅಂಕಣದ ಕಡ್ಡಿಯೂ ಆಮೇಲೆ ಹಾಗೇ ಬಂತು.

ಕಂಬಗಳನ್ನೆಲ್ಲ ದಡಕ್ಕೆ ಸಾಗಿಸುವ ಹೊತ್ತಿಗೆ ಬಿಸಿಲು ಇಳಿದಿತ್ತು. ನೀರುಗಂಟಿ ಕೆರೆಯ ಏರಿಯ ಮೇಲೆ ನಿಂತು ಟವೆಲು ಬೀಸಿದ. ಸ್ವಲ್ಪ ಹೊತ್ತಿಗೆ ಹಳ್ಳದ ತಿರುವಿನಲ್ಲಿ ಕಂದು ನೀರಿನ ನಾಲಿಗೆ ಕಾಣಿಸಿತು. ತರಗೆಲೆ ತಳ್ಳಿಕೊಂಡು, ಮರಳಿನಲ್ಲಿ ಕಂಬಗಳು ಬಿಟ್ಟ ಗುಳಿಗಳನ್ನು ಒಂದೊಂದಾಗಿ ತುಂಬಿಕೊಂಡು, ಸೇತುವೆಯ ಅಡಿ ಹಾದು ಗದ್ದೆಗಳ ಕಡೆ ಹೋಯಿತು.

ಊರಿನವರು ಹುಲ್ಲಿನ ಹೊರೆ ಹೊತ್ತು ಹೊಸ ಸೇತುವೆಯ ಮೇಲೆ ಆಚೆ ತನಕ ನಡೆದು, ತಿರುಗಿ ಬಂದು ಮನೆಗೆ ಹೋದರು. ಕತ್ತಲಾಗುತ್ತಿತ್ತು. ಅತ್ತೆ ತನ್ನ ನೇಮಕ್ಕೆ ಎದ್ದಳು. ಸಲಿಕೆ, ಬಾಂಡ್ಲಿ, ತಾಮ್ರದ ಕೊಳವೆಯಿಂದ ತೆಗೆದ ಥರ್ಮಾಮೀಟರು, ಕೊನೆಗೆ ಕಟ್ಟೆಯ ಮೇಲೆ ಮೇಸ್ತ್ರಿ ತಂದಿಟ್ಟಿದ್ದ ಒಡೆದ ಕ್ಯೂಬು. ಅದನ್ನು ತಿರುಗಿಸಿ ಮುರುಗಿಸಿ ನೋಡಿದಳು.

“ಇದನ್ನ ಒಲೆ ಹತ್ರ ಇಟ್ರೆ ಈಗೇನೂ ತಪ್ಪಿಲ್ಲ ತಾನೆ?”

“ಏನೂ ತಪ್ಪಿಲ್ಲ ಅತ್ತೆ. ಅದರ ಕೆಲಸ ಮುಗೀತು.”

“ಇಟ್ಟು ಏನು ಮಾಡ್ಲಿ? ಹಾಲಿನ ಪಾತ್ರೆ ನಿಲ್ಲಲ್ಲ ಇದರ ಮೇಲೆ,” ಎಂದು ಗೊಣಗುತ್ತ, ಅದನ್ನೂ ಎದೆಗಾನಿಸಿಕೊಂಡು ಒಳಗೆ ಹೋದಳು.